ಕೋಲಿಗೆ ತುಂಬಿದ ಸೀಸ

"ಬುದ್ಧಿ, ಹೆದರಿಕೆ ಹೋಗುವುದಕ್ಕೆ ಇನ್ನೇನಾದರೂ ಇದೆಯೇ?" ಎಂದು ಮರುಳಯ್ಯ ಕೇಳಿದ.

ಹೀಗೆ ಕೇಳಿದ್ದು ಇದು ನಾಲ್ಕನೆಯ ಸಲ. ಮರುಳಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮೂವತ್ತಾರರ ಪ್ರಾಯ, ರಾಗಿ ಮೂಟೆಯನ್ನು ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುವ ಆಳು. ಬೇರೆ ಯಾರಾದರೂ ಆಗಿದ್ದರೆ ಇಂಥವನಿಗೂ ಹೆದರಿಕೆಯೇ ಎಂದು ನಗುತ್ತಿದ್ದರು. ಗುರುಗಳು ನಕ್ಕಿರಲಿಲ್ಲ. ಮೊದಲ ಸಲ ಕೇಳಿದಾಗ ಒಂದು ಮಂತ್ರ ಕೊಟ್ಟು, ದಿನಕ್ಕೆ ನೂರೆಂಟು ಸಲ ಹೇಳಿಕೋ ಎಂದಿದ್ದರು. ಎರಡನೆಯ ಸಲ ಕೊರಳಿಗೆ ರುದ್ರಾಕ್ಷಿ ಹಾಕಿದ್ದರು. ಮೂರನೆಯ ಸಲ, ಸೋಮವಾರ ಒಪ್ಪತ್ತು ಇರು ಎಂದಿದ್ದರು. ಅವನು ಅಷ್ಟನ್ನೂ ಚಾಚೂ ತಪ್ಪದೆ ನಡೆಸಿದ. ಹೆದರಿಕೆ ಮಾತ್ರ ಜಗ್ಗಲಿಲ್ಲ. ನೂರೆಂಟು ಮುಗಿಯುವವರೆಗೆ ಮೂಲೆಯಲ್ಲಿ ಸುಮ್ಮನಿದ್ದು, ಮುಗಿದ ಕೂಡಲೇ ಎದ್ದು ಬಂದು ಎದೆಯ ಮೇಲೆ ಕೂರುತ್ತಿತ್ತು.

ಯಾತರ ಹೆದರಿಕೆ ಎಂದು ಗುರುಗಳು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಅವನ ಎಡ ಕಂಕುಳಲ್ಲಿ ಒಂದು ಗಂಟು ಎದ್ದಿತ್ತು. ಯುಗಾದಿಯ ಎಣ್ಣೆಸ್ನಾನದ ದಿನ ಕೈಗೆ ಸಿಕ್ಕಿತು. ಆಗ ಹುಣಸೆ ಬೀಜದಷ್ಟಿತ್ತು, ಈಗ ನೆಲ್ಲಿಕಾಯಿಯಷ್ಟಾಗಿದೆ. ನೋವಿಲ್ಲ. ನೋವಿಲ್ಲ ಎನ್ನುವುದೇ ಅವನನ್ನು ಹೆಚ್ಚು ಹೆದರಿಸಿತ್ತು. ಅವನ ದೊಡ್ಡವ್ವನಿಗೂ ಹೀಗೆಯೇ ನೋವಿಲ್ಲದ ಗಂಟು ಎದ್ದಿತ್ತು. ಮುಂದಿನ ಯುಗಾದಿಗೆ ಅವಳಿರಲಿಲ್ಲ. ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ, ಹೇಳದಿದ್ದರೆ ಇನ್ನೂ ಸುಳ್ಳಾಗಬಹುದು ಎಂದು ಅವನ ಎಣಿಕೆ. ದಿನಕ್ಕೆ ಹತ್ತು ಸಲ ಉಗ್ರಾಣದ ಬಾಗಿಲು ಮುಂದೆ ಮಾಡಿಕೊಂಡು ಮುಟ್ಟಿ ನೋಡಿಕೊಳ್ಳುತ್ತಿದ್ದ. ಮುಟ್ಟಿದಾಗಲೆಲ್ಲ ಮೈ ಬೆವರುತ್ತಿತ್ತು.

ಅಂದು ಮಧ್ಯಾಹ್ನ ಇಬ್ಬರೂ ಮಠದ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಒಂದೊಂದು ಬೀಜ ಬೆರಳಿಗೆ ಸಿಕ್ಕಾಗಲೂ ಮರುಳಯ್ಯನ ಜೀವ ಝಲ್ಲೆನ್ನುತ್ತಿತ್ತು.

"ಈ ಸಲ ಏನು ಬೇಕು?" ಎಂದರು ಗುರುಗಳು.

"ಒಂದು ಯಂತ್ರ ಬರೆದುಕೊಡಿ ಬುದ್ಧಿ. ತೋಳಿಗೆ ಕಟ್ಟಿಕೊಳ್ಳುತ್ತೇನೆ."

"ಯಾವ ತೋಳಿಗೆ?"

"ಬಲಗಡೆ, ಬಲಗಡೆ ತೋಳಿಗೆ" ಎಂದ ಅವನು, ತುಸು ಅವಸರದಲ್ಲಿ.

ಗುರುಗಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಬಿಡಿಸಿ ಮುಗಿಸಿದರು. ಆಮೇಲೆ ಹೇಳಿದರು. "ಬರೆಯೋಣ. ಅದಕ್ಕೆ ಮುಂಚೆ ಒಂದು ಕತೆ ಕೇಳು. ಗಾಲ್ಫ್ ಆಡುವ ಕೋಲಿನ ಕತೆ."

ಮರುಳಯ್ಯ ಪಿಳಿಪಿಳಿ ಕಣ್ಣು ಬಿಟ್ಟ.

"ಯಾಕಯ್ಯ ಹಾಗೆ ನೋಡ್ತೀಯ? ವಿಭೂತಿ ಬಳಿದವನಿಗೆ ಗಾಲ್ಫ್ ಹೇಗೆ ಗೊತ್ತು ಅಂತಲೋ? ಆ ಕೋಲಿಗೆ ಸೀಸ ತುಂಬಿದವನು ಇದೇ ಜಗಲಿಯ ಮೇಲೆ ಕೂತು ಹೇಳಿದ್ದು. ನಿನ್ನ ಕೈ ಕೆಲಸ ಮಾಡ್ತಿರಲಿ, ಕಿವಿ ಇಲ್ಲಿರಲಿ."

ಹೀಗೆಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಗಣಿಯ ಊರು. ಗಣಿ ಮುಚ್ಚಿ ಬಹಳ ವರ್ಷವಾಗಿತ್ತು. ಹಿಂದೆ ಗಣಿಯ ದೊರೆಗಳು ಆಡಲು ಮಾಡಿಕೊಂಡಿದ್ದ ಗಾಲ್ಫ್ ಮೈದಾನ ಮಾತ್ರ ಉಳಿದಿತ್ತು. ಗಾಲ್ಫ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಬಿಳಿ ಚೆಂಡು, ದೂರದಲ್ಲಿ ಒಂದು ಸಣ್ಣ ಗುಳಿ. ಆದಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಗುಳಿಗೆ ಬೀಳಬೇಕು. ದೂರಕ್ಕೆ ಬೀಸಿ ಹೊಡೆಯಲು ಬೇರೆ ಕೋಲುಗಳಿವೆ. ಗುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳಲು ಒಂದು ಕೋಲು, ಅದಕ್ಕೆ ಪಟ್ಟರ್ ಎನ್ನುತ್ತಾರೆ. ದೂರದ ಹೊಡೆತಕ್ಕೆ ತೋಳಿನ ಬಲ ಬೇಕು. ಹತ್ತಿರದ್ದಕ್ಕೆ ಬಲ ಬೇಡ, ಕೈ ಅಲುಗದಿದ್ದರೆ ಸಾಕು. ಬಲವಿದ್ದವರು ಊರಿಗೆ ನೂರು ಜನ ಸಿಗುತ್ತಾರೆ, ಕೈ ಅಲುಗದವನು ಒಬ್ಬ ಸಿಕ್ಕರೆ ಪುಣ್ಯ.

ಆ ಊರಲ್ಲಿ ನೀರು ಕಡಿಮೆ. ಗುಳಿಯ ಸುತ್ತ ಹುಲ್ಲು ಬೆಳೆಸಲಾಗದೆ ಎಣ್ಣೆ ಬೆರೆಸಿದ ಮರಳು ಹರಡಿದ್ದರು. ಒಂದು ತಂಡ ಆಡಿ ಹೋದ ಮೇಲೆ ಹಗ್ಗ ಕಟ್ಟಿದ ಹಲಗೆಯನ್ನು ಎಳೆದು ಮರಳನ್ನು ಮತ್ತೆ ಸಮ ಮಾಡಬೇಕು. ಆ ಮರಳಿಗೆ ಒಂದು ಗುಣವಿತ್ತು. ಏನು ತಾಗಿದರೂ ಅದರ ಗುರುತನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಕಾಗೆ ನಾಲ್ಕು ಹೆಜ್ಜೆ ಹಾಕಿದರೂ ಹಲಗೆ ಎಳೆಯುವ ತನಕ ಕಾಣುತ್ತಿತ್ತು.

ಅಲ್ಲಿ ಒಬ್ಬ ಆಟಗಾರನಿದ್ದ. ಅವನ ಅಪ್ಪ ಅದೇ ಮೈದಾನದಲ್ಲಿ ಹಲಗೆ ಎಳೆಯುವ ಆಳು. ಮಗ ಆಡುವವರ ಚೀಲ ಹೊತ್ತು, ನೋಡಿ ನೋಡಿ ಕಲಿತು, ನಲವತ್ತಕ್ಕೆ ಬರುವಷ್ಟರಲ್ಲಿ ಚೀಲದ ಯಜಮಾನರಿಗೇ ಆಟ ಕಲಿಸುವವನಾಗಿದ್ದ. ಅವನ ಚೆಂಡು ಗುಳಿಗೆ ಎರಡು ಮೊಳ ಹತ್ತಿರ ಬಂದರೆ ಸಾಕು, ಎದುರಾಳಿ "ಬಿದ್ದ ಹಾಗೇ ಬಿಡಪ್ಪ" ಎಂದು ಚೆಂಡನ್ನು ತಾನೇ ಎತ್ತಿ ಅವನ ಕೈಗೆ ಕೊಡುತ್ತಿದ್ದ. ಅದು ಆ ಆಟದ ಮರ್ಯಾದೆ. ತಪ್ಪುವುದಿಲ್ಲ ಎಂದು ನಂಬಿಕೆಯಿದ್ದವನಿಗೆ ಮಾತ್ರ ಆ ಮರ್ಯಾದೆ ಸಲ್ಲುತ್ತದೆ.

ಅದೇ ಊರಲ್ಲಿ ಒಬ್ಬ ಆಚಾರಿಯಿದ್ದ. ಗಣಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸಿದವನು, ಗಣಿ ಮುಚ್ಚಿದ ಮೇಲೆ ಗಾಲ್ಫ್ ಕೋಲುಗಳ ರಿಪೇರಿಗೆ ಕೂತ. ಪಟ್ಟರನ್ನು ಆಡುವವನ ಕೈಗೆ ಹೊಂದಿಸುವುದರಲ್ಲಿ ಅವನದು ಎತ್ತಿದ ಕೈ. ತೋರುಬೆರಳಿನ ಮೇಲೆ ಕೋಲನ್ನು ಅಡ್ಡ ಇಟ್ಟು, ಎಲ್ಲಿ ತೂಗಿ ನಿಲ್ಲುತ್ತದೆ, ಎತ್ತ ವಾಲುತ್ತದೆ ಎಂದು ನೋಡುತ್ತಿದ್ದ. ತಲೆ ಹಗುರವಾದರೆ ಮಣಿಕಟ್ಟು ಆಡುತ್ತದೆ. ತಲೆ ಭಾರವಾದರೆ ಚೆಂಡು ಗುಳಿ ದಾಟಿ ಓಡುತ್ತದೆ. ಈ ಎರಡರ ನಡುವೆ ಆಳಿಗೆ ತಕ್ಕ ಒಂದು ತೂಕವಿರುತ್ತದೆ. ಅದನ್ನು ಕಂಡುಹಿಡಿದು, ಕೋಲನ್ನು ತಕ್ಕಡಿಯಲ್ಲಿಟ್ಟು, ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಅವನ ಪದ್ಧತಿ.

ಒಂದು ಬೆಳಿಗ್ಗೆ ಆಟಗಾರ ಆಚಾರಿಯ ಅಂಗಡಿಗೆ ಬಂದ.

"ಆಚಾರ್ರೇ, ಪಟ್ಟರ್ ಯಾಕೋ ಹಗುರ ಅನ್ನಿಸ್ತಿದೆ. ತಲೆಗೆ ಸ್ವಲ್ಪ ಸೀಸ ಹಾಕಿಕೊಡಿ" ಎಂದ.

ಆಚಾರಿ ತೂಗಿದ. ಐನೂರ ಇಪ್ಪತ್ತು ಗ್ರಾಂ. ಗೋಡೆ ನೋಡಿದ. ಹನ್ನೆರಡು ವರ್ಷದ ಹಿಂದೆ ಬರೆದದ್ದೂ ಐನೂರ ಇಪ್ಪತ್ತೇ. ಕಬ್ಬಿಣ ಎಲ್ಲಾದರೂ ಸೊರಗುವುದುಂಟೇ? ಹಾಗೆಂದು ಬಾಯಿಗೆ ಬಂತು, ಆದರೆ ಕೇಳಿದ್ದನ್ನು ಮಾಡಿಕೊಡುವುದು ನನ್ನ ಕಸುಬು ಎಂದುಕೊಂಡ. ಹತ್ತು ಗ್ರಾಂ ಸೀಸದ ಪಟ್ಟಿ ಕತ್ತರಿಸಿ ಕೋಲಿನ ತಲೆಯ ಅಡಿಗೆ ಅಂಟಿಸಿದ.

ಆಟಗಾರ ಅಂಗಡಿಯ ಮುಂದೆ ನಾಲ್ಕು ಚೆಂಡು ತಳ್ಳಿ ನೋಡಿದ. ನಾಲ್ಕೂ ನೆಟ್ಟಗೆ ಹೋದವು. ಅವನು ಬಿಟ್ಟ ಉಸಿರು ಒಳಗೆ ಕೂತಿದ್ದ ಆಚಾರಿಗೆ ಕೇಳಿಸಿತು. ಕಣ್ಣಲ್ಲಿ ನೀರು ಬೇರೆ. ಕೋಲು ಸರಿಹೋದದ್ದಕ್ಕೆ ಯಾರೂ ಅಷ್ಟು ಸಂತೋಷಪಡುವುದಿಲ್ಲವಲ್ಲ ಎಂದು ಆಚಾರಿಗೆ ಒಂದು ಥರ ಆಯಿತು.

ಹದಿನೈದು ದಿನಕ್ಕೆ ಅವನು ಮತ್ತೆ ಬಂದ. ಇನ್ನೊಂದು ಹತ್ತು ಗ್ರಾಂ. ಮತ್ತೊಂದು ತಿಂಗಳು ಬಿಟ್ಟು ಬಂದಾಗ ಇಪ್ಪತ್ತು ಗ್ರಾಂ. ಈಗ ತಲೆ ಭಾರವಾಗಿ ಚೆಂಡು ಗುಳಿ ದಾಟತೊಡಗಿತು. ಆಚಾರಿ ಹಿಡಿಯ ತುದಿಯ ಮುಚ್ಚಳ ಬಿಚ್ಚಿ, ಕೊಳವೆಯೊಳಗೆ ಸೀಸದ ಕಡ್ಡಿ ಇಳಿಸಿದ. ತಲೆಗೆ ಹಾಕಿದ್ದಕ್ಕೆ ತಕ್ಕಷ್ಟು ಹಿಡಿಯಲ್ಲಿ ಹಾಕಿದ ಮೇಲೆ ಕೋಲು ಬೆರಳಿನ ಮೇಲೆ ಹಳೆಯ ಜಾಗದಲ್ಲೇ ತೂಗಿ ನಿಂತಿತು. ಯಾರಾದರೂ ಎತ್ತಿ ನೋಡಿದರೆ ಮಾತ್ರ ಭಾರ ತಿಳಿಯಬೇಕು, ಕಣ್ಣಿಗೆ ಏನೂ ಬದಲಾಗಿಲ್ಲ. ಆಚಾರಿಗೆ ತನ್ನ ಕೆಲಸದ ಮೇಲೆ ತನಗೇ ಮೆಚ್ಚಿಕೆಯಾಯಿತು. ಮೈದಾನದಲ್ಲಿ ಎಲ್ಲರೂ ಅವನ ಕೈಗುಣ ಹೊಗಳಿದರು.

ಇಲ್ಲಿ ಗುರುಗಳು ಕತೆ ನಿಲ್ಲಿಸಿ, "ಆ ಆಟಗಾರ ಯಾವುದಕ್ಕೆ ಹೆದರಿದ್ದ ಗೊತ್ತೇನು?" ಎಂದು ಕೇಳಿದರು.

ಮರುಳಯ್ಯ ತಲೆಯಾಡಿಸಿದ. ಅವನ ಕೈಯಲ್ಲಿದ್ದ ಹುಣಸೆಹಣ್ಣು ಬಹಳ ಹೊತ್ತಿನಿಂದ ಹಾಗೆಯೇ ಇತ್ತು.

ಆಟಗಾರನ ಅಪ್ಪನಿಗೆ ನಡುಗುವ ರೋಗ ಬಂದಿತ್ತು, ಎಂದು ಗುರುಗಳು ಮುಂದುವರಿಸಿದರು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಹಲಗೆಯ ಹಗ್ಗ ಹಿಡಿಯಲಾರದೆ ಮನೆಯಲ್ಲಿ ಕೂತ. ಕೊನೆಯ ಐದು ವರ್ಷ ಗಂಜಿಯನ್ನೂ ಯಾರಾದರೂ ಕುಡಿಸಬೇಕಾಗಿತ್ತು. ಕುಡಿಸಿದವನು ಈ ಮಗನೇ. ಅಪ್ಪನ ಗಲ್ಲದ ಮೇಲೆ ಸುರಿದ ಗಂಜಿಯನ್ನು ಟವೆಲಿನಿಂದ ಒರೆಸಿದವನು. ಈಗ ಒಂದು ದಿನ ಚಹಾದ ಲೋಟ ಹಿಡಿದಿದ್ದಾಗ ತನ್ನ ಕೈಯಲ್ಲೇ ಆ ನಡುಕ ಕಂಡ. ಲೋಟ ಕೆಳಗಿಟ್ಟು ಕೈಯನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತ. ಅಂದಿನಿಂದ ಅವನು ಯಾರ ಮನೆಯಲ್ಲೂ ಲೋಟದ ತುಂಬ ಚಹಾ ಹಾಕಿಸಿಕೊಳ್ಳಲಿಲ್ಲ. ಅರ್ಧ ಸಾಕು ಎನ್ನುತ್ತಿದ್ದ. ಅಂಗಿಯ ಗುಂಡಿಯನ್ನು ಜನರೆದುರು ಹಾಕಿಕೊಳ್ಳುತ್ತಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ.

"ಆಸ್ಪತ್ರೆಗೆ ಹೋಗಲಿಲ್ಲವೇ ಬುದ್ಧಿ?" ಎಂದ ಮರುಳಯ್ಯ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಎಂದುಕೊಂಡ.

"ಯಾಕೆ ಹೋಗಬೇಕು? ಹಗುರ ಆಗಿರೋದು ಕೋಲಲ್ಲವೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತೇ ಬಂದು ಎಮ್ಮೆಗೆ ಹಾಕಿ ಅಂತಿತ್ತು, ಆಚಾರಿ ಹಾಕ್ತಿದ್ದ" ಎಂದು ಗುರುಗಳು ಕತೆಗೆ ಮರಳಿದರು.

ಒಂದು ದಿನ ಆಚಾರಿ ಬೇರೆ ಯಾರದೋ ಕೋಲು ಕೊಡಲು ಮೈದಾನಕ್ಕೆ ಹೋಗಿದ್ದ. ದೂರದಲ್ಲಿ ಆಟಗಾರ ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಚೆಂಡು ತಳ್ಳಿದ, ನಿಂತಿದ್ದ ಜಾಗದ ಮರಳನ್ನು ಪಾದದಿಂದ ಉಜ್ಜಿದ. ಮತ್ತೆ ತಳ್ಳಿದ, ಮತ್ತೆ ಉಜ್ಜಿದ. ಹಲಗೆ ಎಳೆಯುವವರು ಇರುವಾಗ ಇವನೇಕೆ ಉಜ್ಜುತ್ತಾನೆ ಎಂದು ಆಚಾರಿಗೆ ಸೋಜಿಗವಾಯಿತು. ಅಷ್ಟರಲ್ಲಿ ಯಾರೋ ಕರೆದರು. ಆಟಗಾರ ಒಂದು ಗುರುತನ್ನು ಉಜ್ಜದೆ ಬಿಟ್ಟು ಓಡಿದ.

ಆಚಾರಿ ಹೋಗಿ ಬಗ್ಗಿ ನೋಡಿದ. ಹೊಡೆಯುವ ಮುಂಚೆ ಕೋಲಿನ ತಲೆಯನ್ನು ಚೆಂಡಿನ ಹಿಂದೆ ಊರುತ್ತಾರೆ. ಮರಳಿನಲ್ಲಿ ಅದರ ಅಡಿಯ ಗೆರೆ ಮೂಡುತ್ತದೆ. ಕೈ ನಿಂತಿದ್ದರೆ ಒಂದೇ ಗೆರೆ. ಇಲ್ಲಿ ಕೋಳಿ ಕೆದರಿದ ಹಾಗೆ ಹತ್ತಾರು ಗೆರೆಗಳಿದ್ದವು.

ಅಯ್ಯೋ, ಕೋಲಿನ ದೋಷವಲ್ಲ ಇದು ಎಂದು ಆಚಾರಿಗೆ ಹೊಳೆಯಿತು. ಹಲಗೆ ಎಳೆಯುತ್ತಿದ್ದ ಮುದುಕನ ನಡುಗುವ ಕೈಯನ್ನು ಅವನೂ ಕಂಡಿದ್ದ.

ಅವನು ಏನು ಮಾಡಿದ ಎನ್ನುತ್ತೀಯ? ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಆ ಗೆರೆಗಳನ್ನು ತಾನೇ ಪಾದದಿಂದ ಉಜ್ಜಿದ.

ಮುಂದಿನ ಸಲ ಆಟಗಾರ ಬಂದಾಗ ಆಚಾರಿ ಅವನನ್ನು ಸರಿಯಾಗಿ ನೋಡಿದ. ಸೊಂಟದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದುಕೊಂಡಿದ್ದ. ಒಂದಲ್ಲ, ಮೂರು. ಅಂಗಿ ಮೈಮೇಲೆ ಜೋಲುತ್ತಿತ್ತು. ಕಣ್ಣುಗುಡ್ಡೆಗಳು ಮುಂದೆ ಬಂದಿದ್ದವು. ಪುಷ್ಯಮಾಸದ ಚಳಿಯಲ್ಲೂ ಕೊರಳಲ್ಲಿ ಬೆವರಿತ್ತು. ಗೋಡೆಯ ಮೇಲೆ ಕೋಲಿನ ತೂಕ ಏರುತ್ತ ಹೋಗಿತ್ತು, ಕೋಲು ಹಿಡಿದವನು ಇಳಿಯುತ್ತ ಹೋಗಿದ್ದ.

"ಮಗಾ, ಊಟ ಗೀಟ ಸರಿಯಾಗಿ ಮಾಡ್ತಿದ್ದೀಯಾ?" ಎಂದು ಕೇಳಿದ ಆಚಾರಿ.

"ಎರಡಾಳಿನ ಊಟ ಮಾಡ್ತೀನಿ ಆಚಾರ್ರೇ, ಮೈಗೇ ಹತ್ತಲ್ಲ. ಕೋಲು ನೋಡಿ ನೀವು. ಇನ್ನೊಂದು ಇಪ್ಪತ್ತು ಗ್ರಾಂ."

ಆಚಾರಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಕೋಲು ಅಲ್ಲಿಡು, ಕೈ ತೋರಿಸು ಎನ್ನುವಷ್ಟೇ ಮಾತು. ಆದರೆ ಹೇಳಿದ ಮೇಲೆ ಅವನ ಮುಖ ನೋಡಬೇಕಲ್ಲ. ನಿನ್ನಪ್ಪನ ರೋಗ ನಿನಗೂ ಬಂದಿದೆ ಎಂದು ಹೇಳುವ ಎದೆ ಯಾರಿಗಿರುತ್ತದೆ? ಆಚಾರಿ ಹೆದರಿದ. ಸೀಸ ಕತ್ತರಿಸುವುದು ಅದಕ್ಕಿಂತ ಸುಲಭ. ಇಪ್ಪತ್ತು ಗ್ರಾಂ ಕತ್ತರಿಸಿದ. ಹೀಗೆ ಎರಡು ವರ್ಷ ಕಳೆಯಿತು. ಇವನು ಹೆದರಿ ಕೇಳುವುದು, ಅವನು ಹೆದರಿ ಕೊಡುವುದು.

ಮಾಘದಲ್ಲಿ ಮೈದಾನದ ವರ್ಷದ ಪಂದ್ಯ ಬಂತು. ಕೊನೆಯ ಗುಳಿಯ ತನಕ ಇಬ್ಬರೂ ಸಮ. ಆಟಗಾರನ ಚೆಂಡು ಗುಳಿಗೆ ಎರಡು ಮೊಳ ಹತ್ತಿರ ಬಂದು ನಿಂತಿತು. ಅವನು ಎದುರಾಳಿಯ ಮುಖ ನೋಡಿದ. ಇಪ್ಪತ್ತು ವರ್ಷದಿಂದ ಅಷ್ಟು ಹತ್ತಿರ ಬಂದ ಅವನ ಚೆಂಡನ್ನು ಎದುರಾಳಿ ಎತ್ತಿ ಕೊಡದೆ ಇದ್ದದ್ದಿಲ್ಲ. ಅಂದು ಎದುರಾಳಿ ಕೈಕಟ್ಟಿ ನಿಂತುಬಿಟ್ಟ. ನೆಲ ನೋಡುತ್ತಿದ್ದ.

ಆಟಗಾರನಿಗೆ ಅರ್ಥವಾಯಿತು. ಇವನಿಗೆ ಗೊತ್ತಾಗಿದೆ. ಹಾಗಾದರೆ ಎಲ್ಲರಿಗೂ ಗೊತ್ತಾಗಿದೆ. ಹಿಂದೆ ನಿಂತಿದ್ದ ಆಚಾರಿಯ ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆ ಕೋಲು ಅಂದು ಎಂಟುನೂರು ಗ್ರಾಂ ತೂಗುತ್ತಿತ್ತು. ಅದರ ತೂಕ ಅವನೊಬ್ಬನಿಗೇ ಗೊತ್ತಿತ್ತು.

ಆಟಗಾರ ಕೋಲು ಊರಿದ. ಮರಳಿನಲ್ಲಿ ಒಂದೇ ಒಂದು ಗೆರೆ ಬಿತ್ತು, ಆಳವಾಗಿ. ತಳ್ಳಿದ. ಚೆಂಡು ಗುಳಿಗೆ ಬಿತ್ತು.

ಜನ ಹೋ ಎಂದು ಕೂಗಿದರು. ಎದುರಾಳಿ ಬಂದು ಕೈ ಚಾಚಿದ. ಆಟಗಾರ ಚೆಂಡು ತೆಗೆಯಲು ಗುಳಿಯ ಕಡೆ ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಮಂಡಿ ಮಡಿಚಿ ಮರಳಿನ ಮೇಲೆ ಕುಸಿದ.

ಆಚಾರಿ ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಟಗಾರನಿಗೆ ಪ್ರಜ್ಞೆಯಿತ್ತು. ನೀರು ಬೇಕು ಎನ್ನಲಿಲ್ಲ, ಹೆಂಡತಿಯನ್ನು ಕರೆಸಿ ಎನ್ನಲಿಲ್ಲ. ಆಚಾರಿಯ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದ. "ಆಚಾರ್ರೇ, ಇನ್ನೊಂದು ಇಪ್ಪತ್ತು ಗ್ರಾಂ ಬೇಕಿತ್ತು."

ಆಗ ಆಚಾರಿ ಅವನ ಮುಷ್ಟಿಯಿಂದ ಕೋಲನ್ನು ಬಿಡಿಸಿ ದೂರ ಎಸೆದ. ಎರಡು ವರ್ಷದಲ್ಲಿ ಮೊದಲ ಸಲ ಆ ಬರಿಗೈಯನ್ನು ಹಿಡಿದ. ಹಿಡಿದ ಗುಬ್ಬಿಯ ಎದೆ ಹೇಗೆ ಅದುರುತ್ತದೋ ಹಾಗೆ ಅದುರುತ್ತಿತ್ತು. ನಾಡಿ ಎಣಿಸುವ ಹಾಗೇ ಇರಲಿಲ್ಲ.

ದೊಡ್ಡ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿನ ಡಾಕ್ಟರು ಅವನ ಕಣ್ಣು ನೋಡಿದರು, ಕೊರಳು ಮುಟ್ಟಿದರು, ಎರಡೂ ಅಂಗೈ ಚಾಚಿಸಿ ನೋಡಿದರು. ರಕ್ತ ತೆಗೆಸಿದರು. ಎಲ್ಲ ಮುಗಿದ ಮೇಲೆ ಆಟಗಾರ ಕಣ್ಣು ಮುಚ್ಚಿಕೊಂಡು, "ನಮ್ಮಪ್ಪನ ಕಾಯಿಲೆ ತಾನೇ?" ಎಂದು ಕೇಳಿದ.

"ಯಾರು ಹೇಳಿದರು?" ಎಂದರು ಡಾಕ್ಟರು. "ಅದಲ್ಲವೇ ಅಲ್ಲ. ಕೊರಳಿನಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದು ನಿಮಗೆ ಮಿತಿಮೀರಿ ಕೆಲಸ ಮಾಡ್ತಿದೆ. ನಡುಕ, ಬೆವರು, ಸೊರಗಿದ್ದು ಎಲ್ಲ ಅದರಿಂದ. ಮಾತ್ರೆಯಲ್ಲಿ ಹತೋಟಿಗೆ ಬರೋ ಕಾಯಿಲೆ. ಎರಡು ವರ್ಷ ಎಲ್ಲಿ ಹೋಗಿದ್ರಿ? ಗುಂಡಿಗೆ ಓಡಿ ಓಡಿ ಸೋತುಹೋಗಿದೆಯಲ್ಲ."

ಅವನು ಹೆದರಿದ್ದ ರೋಗ ಅವನಿಗೆ ಇರಲೇ ಇಲ್ಲ. ಎರಡು ವರ್ಷ ಹಗಲೆಲ್ಲ ಅದಕ್ಕೆ ಅಂಜಿ ಬದುಕಿದ್ದ. ಇದ್ದ ರೋಗ ಅಷ್ಟು ಹೊತ್ತೂ ಬೇರೆ ಕಡೆ ತನ್ನ ಕೆಲಸ ಮಾಡಿಕೊಂಡಿತ್ತು.

ಮಾತ್ರೆ ತೆಗೆದುಕೊಂಡ ಮೇಲೆ ಎರಡೇ ತಿಂಗಳಿಗೆ ನಡುಕ ನಿಂತಿತು. ಲೋಟದ ತುಂಬ ಚಹಾ ಹಾಕಿದರೆ ಒಂದು ಹನಿ ಚೆಲ್ಲದೆ ಕುಡಿದ. ಗುಂಡಿಗೆ ಮಾತ್ರ ಮೊದಲಿನ ಹಾಗಾಗಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಮೈದಾನ ಸುತ್ತಲಾರ. ಮೊದಲ ಗುಳಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಬೇರೆಯವರ ಆಟ ನೋಡುತ್ತಿದ್ದ. ತೊಡೆಯ ಮೇಲೆ ಇಟ್ಟ ಕೈ ಕಲ್ಲಿನ ಹಾಗೆ ಸ್ಥಿರವಾಗಿರುತ್ತಿತ್ತು. ಹಿಡಿಯಲು ಕೋಲಿರಲಿಲ್ಲ ಅಷ್ಟೆ.

ಗುರುಗಳು ಕತೆ ಮುಗಿಸಿ ಎದ್ದರು. ಗೋಡೆಯ ಗೂಡಿನಲ್ಲಿ, ಪಂಚಾಂಗ ಗಾಳಿಗೆ ಹಾರದಂತೆ ಒಂದು ಬೂದು ಬಣ್ಣದ ಉಂಡೆ ಇಟ್ಟಿದ್ದರು. ನಿಂಬೆಹಣ್ಣಿನ ಗಾತ್ರದ್ದು. ಮರುಳಯ್ಯ ದಿನವೂ ಅದನ್ನು ಎತ್ತಿ ಧೂಳು ಒರೆಸಿ ಇಡುತ್ತಿದ್ದ. ಇಷ್ಟು ಸಣ್ಣದಕ್ಕೆ ಇಷ್ಟು ಭಾರವೇ ಎಂದುಕೊಂಡದ್ದೂ ಉಂಟು, ಏನೆಂದು ಕೇಳಿರಲಿಲ್ಲ. ಗುರುಗಳು ಅದನ್ನು ತಂದು ಅವನ ಬಲ ಅಂಗೈಯಲ್ಲಿ ಇಟ್ಟರು.

"ಇನ್ನೂರ ಎಂಬತ್ತು ಗ್ರಾಂ. ಆ ಕೋಲಿನಿಂದ ತೆಗೆದು ಕರಗಿಸಿದ ಸೀಸ. ಆಚಾರಿ ತಂದು ನನ್ನ ಮುಂದಿಟ್ಟು ಅತ್ತ. ಬುದ್ಧಿ, ಎರಡು ವರ್ಷ ಕೋಲು ತೂಗಿದೆ, ಆಳನ್ನು ತೂಗಲಿಲ್ಲ ಅಂದ. ನಾನು ಅವನಿಗೆ ಸಮಾಧಾನ ಹೇಳಿ ಕಳಿಸಿದೆ. ದೊಡ್ಡ ಜ್ಞಾನಿಯ ಹಾಗೆ ಹೇಳಿದೆ."

ಮರುಳಯ್ಯ ಉಂಡೆಯನ್ನೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಎಡ ಮೊಣಕೈ ತಾನೇ ತಾನಾಗಿ ಪಕ್ಕೆಗೆ ಬಂದು ಒತ್ತಿಕೊಂಡಿತು. ಗಂಟು ತಾಗಿತು. ಕೂಡಲೇ ತೋಳನ್ನು ಮತ್ತೆ ದೂರ ಸರಿಸಿದ.

"ಎರಡು ತಿಂಗಳಿಂದ ನೀನು ಲಿಂಗಪೂಜೆಗೆ ಕಂಬದ ಮರೆಗೆ ಹೋಗಿ ಕೂರುತ್ತೀಯ" ಎಂದರು ಗುರುಗಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ಲಿಂಗ ಹಿಡಿದ ಎಡಗೈ ಮೈಯಿಂದ ದೂರ ನಿಂತಿರುತ್ತದೆ, ತೋಳು ಕೆಳಗೆ ಬಿಡಲಾರೆ. ನಾನು ನೋಡಿದ್ದೇನೆ. ನೋಡಿಯೂ ನೀನು ಕೇಳಿದಾಗ ಮಂತ್ರ ಕೊಟ್ಟೆ. ರುದ್ರಾಕ್ಷಿ ಕೊಟ್ಟೆ. ಒಪ್ಪತ್ತು ಕೊಟ್ಟೆ. ಅವನ ಕೋಲಿಗೆ ಆಚಾರಿ ಪಟ್ಟಿ ಅಂಟಿಸಿದ ಹಾಗೆ ನಿನಗೆ ನಾನೂ ಮೂರು ಪಟ್ಟಿ ಅಂಟಿಸಿದೆ. ಏನಿದೆಯೋ ಏನೋ ಅಂತ ನನಗೂ ಹೆದರಿಕೆ ಕಣಯ್ಯ."

ಮರುಳಯ್ಯ ಏನೂ ಇಲ್ಲ ಬುದ್ಧಿ ಎನ್ನಲು ಬಾಯಿ ತೆರೆದ. ಎರಡು ತಿಂಗಳಿಂದ ಬಾಯಿಪಾಠವಾಗಿದ್ದ ಮಾತು, ಅದೂ ಹೊರಡಲಿಲ್ಲ. ಅಂಗೈಯ ಮೇಲಿನ ಸೀಸ ತಣ್ಣಗಿತ್ತು. ಅಂಗಳದಲ್ಲಿ ಮಠದ ಜೀಪು ನಿಂತಿತ್ತು. ಅದರ ಡ್ರೈವರು ಆಗಲೇ ಒಳಗೆ ಕೂತಿದ್ದದ್ದು ಅವನಿಗೆ ಈಗ ಕಾಣಿಸಿತು.

"ಯಂತ್ರ..." ಎಂದ ಕೊನೆಗೆ, ಕ್ಷೀಣವಾಗಿ.

ಗುರುಗಳು ಅವನ ಕೈಯಿಂದ ಸೀಸದ ಉಂಡೆಯನ್ನು ತೆಗೆದು ಪಕ್ಕಕ್ಕಿಟ್ಟು ಹೇಳಿದರು.

"ಎಡಗೈ ಎತ್ತು, ಮಗಾ."